ಹೊಸ ನಳಿಗೆಯ ಮೊದಲ 19 ತೋಟೆಗಳು

ಹೊಸ .315 ಬೋರ್ ರೈಫಲ್ ಕೈಗೆ ಬಂದಾಗ ಅದರ ನಳಿಗೆ ಖಾಲಿ ಇರುವುದಿಲ್ಲ. ತುಕ್ಕು ಹಿಡಿಯದಿರಲೆಂದು ಇಛಾಪುರದ ಕಾರ್ಖಾನೆಯಲ್ಲಿ ಹಚ್ಚಿದ ಎಣ್ಣೆ, ಗ್ರೀಸು ಅಂಗಡಿಯ ಕಪಾಟಿನಲ್ಲಿ ಗಟ್ಟಿಯಾಗಿ ಒಳಗೋಡೆಗೆ ಅಂಟಿರುತ್ತದೆ. ಅದರ ಜೊತೆಗೆ ಕೊರೆದ ಲೋಹದ ಸಣ್ಣ ಪುಡಿ, ಪೆಟ್ಟಿಗೆಯ ಧೂಳು. ಇದನ್ನು ತೆಗೆಯದೆ ಮೊದಲ ಗುಂಡು ಹಾರಿಸಿದರೆ ಆ ಪುಡಿಯನ್ನೆಲ್ಲ ಗುಂಡೇ ಉಜ್ಜಿಕೊಂಡು ಹೋಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ತೋಟೆ ಕೂರುವ ಕೋಣೆಯಲ್ಲಿ ಎಣ್ಣೆ ಉಳಿಯುವುದು. ಗುಂಡು ಹಾರುವಾಗ ಹಿತ್ತಾಳೆಯ ಕೋಶ ಉಬ್ಬಿ ಕೋಣೆಯ ಗೋಡೆಗೆ ಕಚ್ಚಿಕೊಳ್ಳಬೇಕು. ಗೋಡೆ ಎಣ್ಣೆಯಾಗಿದ್ದರೆ ಕಚ್ಚದೆ ಹಿಂದಕ್ಕೆ ಜಾರುತ್ತದೆ, ಹೊಡೆತದ ಭಾರವೆಲ್ಲ ಬೋಲ್ಟಿನ ಮೇಲೆ ಬೀಳುತ್ತದೆ. .315ರ ಬೋಲ್ಟ್ ಹಳೆಯ ಲೀ-ಎನ್‌ಫೀಲ್ಡ್ ಮಾದರಿಯದು, ಅದರ ಬೀಗಗಳಿರುವುದು ಹಿಂಭಾಗದಲ್ಲಿ. ಅದಕ್ಕೆ ಆ ಹೆಚ್ಚುವರಿ ಭಾರ ಹಿತವಲ್ಲ.

ನಮ್ಮ ಕಡೆ, ಅಂದರೆ ಕಾಸರಗೋಡು ಜಿಲ್ಲೆಯ ಕಾರಡ್ಕ, ದೇಲಂಪಾಡಿ, ಬೆಳ್ಳೂರು, ಎಣ್ಮಕಜೆಯ ತೋಟಗಳಲ್ಲಿ, ಹೆಚ್ಚಿನವರ ಕೈ ಪಳಗಿರುವುದು ಕೇಪಿನ ಕೋವಿಯಲ್ಲಿ ಮತ್ತು 12 ಬೋರಿನ ಜೋಡುನಳಿಗೆಯಲ್ಲಿ. ಅವುಗಳ ನಳಿಗೆ ಒಳಗೆಲ್ಲ ನುಣುಪು. ಎಣ್ಣೆಬಟ್ಟೆ ನಾಲ್ಕು ಸಲ ಎಳೆದರೆ ಕೆಲಸ ಮುಗಿಯಿತು. ರೈಫಲ್ಲಿನೊಳಗೆ ಸುರುಳಿ ಗೆರೆಗಳಿವೆ. ಗುಂಡಿನ ತಾಮ್ರದ ಕವಚ ಆ ಗೆರೆಗಳನ್ನು ಕಚ್ಚಿಕೊಂಡೇ ತಿರುಗುತ್ತದೆ, ಹೋಗುತ್ತ ತಾಮ್ರವನ್ನು ಬಿಟ್ಟುಹೋಗುತ್ತದೆ. 2022ರ ಮೇ ತಿಂಗಳಲ್ಲಿ ಕೇರಳ ಸರಕಾರ ಕೃಷಿ ಹಾಳುಮಾಡುವ ಕಾಡುಹಂದಿಯನ್ನು ಕೊಲ್ಲಿಸುವ ಅಧಿಕಾರವನ್ನು ಪಂಚಾಯತು, ನಗರಸಭೆಗಳ ಮುಖ್ಯಸ್ಥರಿಗೆ ಕೊಟ್ಟಿತು. ಅಂದಿನಿಂದ ಲೈಸೆನ್ಸ್ ಇದ್ದವರ ಕೋವಿಗಳಿಗೆ ಕೆಲಸ ಬಂದಿದೆ. ಆದರೆ 12 ಬೋರಿನ ರೂಢಿಯಲ್ಲೇ ರೈಫಲ್ಲನ್ನೂ ಒರೆಸಿ ಇಡುವವರ ನಳಿಗೆಯಲ್ಲಿ ತಾಮ್ರ ಪದರ ಪದರವಾಗಿ ಕೂತಿರುವುದನ್ನು ನೋಡುತ್ತಿದ್ದೇನೆ. ಹೊಸ ನಳಿಗೆಯನ್ನು ಮೊದಲ ದಿನದಿಂದ ಹೇಗೆ ಪಳಗಿಸಿದೆವು ಎಂಬುದನ್ನು ವಿವರವಾಗಿ ಬರೆಯುವುದು ಅದಕ್ಕಾಗಿಯೇ.

ಮೊದಲು ಸಾಮಾನು. ಸಲಾಕೆ ಒಂದೇ ತುಂಡಿನದಿರಬೇಕು. ಮೇಲೆ ನೈಲಾನ್ ಪದರವಿರುವ ಉಕ್ಕಿನದು ಉತ್ತಮ, ಸಿಗದಿದ್ದರೆ ಹಿತ್ತಾಳೆಯದು. ಅಲ್ಯುಮಿನಿಯಂ ಮೆತ್ತಗಿರುವುದರಿಂದ ಮರಳಿನ ಕಣಗಳು ಅದರ ಮೈಗೆ ನಾಟಿಕೊಂಡು ನಳಿಗೆಯನ್ನು ಕೆರೆಯುತ್ತವೆ. ಮೂರು ತುಂಡು ಜೋಡಿಸುವ ಸಲಾಕೆಯ ಕೀಲುಗಳೂ ಕೆರೆಯುತ್ತವೆ. ಹಿಡಿಯಲ್ಲಿ ಬೇರಿಂಗ್ ಇದ್ದು, ಗೆರೆಗಳ ಸುತ್ತಿಗೆ ತಕ್ಕಂತೆ ಸಲಾಕೆ ತಾನೇ ತಿರುಗಬೇಕು. ತಿರುಗದಿದ್ದರೆ ಬ್ರಷ್ ಗೆರೆಗಳನ್ನು ಅಡ್ಡ ಹಾಯುತ್ತದೆ, ಮೂಲೆಯ ಮಸಿ ಅಲ್ಲೇ ಉಳಿಯುತ್ತದೆ. ಬ್ರಷ್ ಕಂಚಿನದು, 8 ಮಿ.ಮೀ. ಅಳತೆಯದು. 7.62 ಮಿ.ಮೀ. ನಳಿಗೆಯ ಬ್ರಷ್ ಸುಲಭವಾಗಿ ಸಿಗುತ್ತದೆಂದು ಕೊಂಡರೆ .315ರಲ್ಲಿ ಸಡಿಲವಾಗಿ ಓಡುತ್ತದೆ, ಮಸಿ ಕದಲುವುದಿಲ್ಲ. ಉಕ್ಕಿನ ಬ್ರಷ್ ಬೇಡವೇ ಬೇಡ. ಬೋಲ್ಟ್ ತೆಗೆದ ಜಾಗದಲ್ಲಿ ಕೂರುವ ಪ್ಲಾಸ್ಟಿಕ್ಕಿನ ಮಾರ್ಗದರ್ಶಿ ಕೊಳವೆ ಸಿಕ್ಕಿದರೆ ತೆಗೆದುಕೊಳ್ಳಿ. ಸಲಾಕೆ ಬಾಗಿ ಗಂಟಲನ್ನು, ಅಂದರೆ ಗೆರೆಗಳು ಶುರುವಾಗುವ ಜಾಗವನ್ನು, ಸವೆಸುವುದು ಅದರಿಂದ ತಪ್ಪುತ್ತದೆ.

ಬಟ್ಟೆಗೆ ಹಳೆಯ ಬಿಳಿ ಹತ್ತಿಯ ಮುಂಡಿಗಿಂತ ಒಳ್ಳೆಯದಿಲ್ಲ. ತೊಳೆದು ತೊಳೆದು ಗಂಜಿ ಬಿಟ್ಟಿರುತ್ತದೆ, ಎಳೆ ಉದುರುವುದಿಲ್ಲ, ಬಿಳಿಯಾದ್ದರಿಂದ ಕಲೆಯ ಬಣ್ಣ ಸರಿಯಾಗಿ ಕಾಣುತ್ತದೆ. ಪಾಲಿಯೆಸ್ಟರ್ ಬೆರೆತದ್ದು ದ್ರವ ಹೀರುವುದಿಲ್ಲ. ಸಲಾಕೆಯ ತುದಿಗೆ ಒಂದೂವರೆ ಇಂಚು ಚೌಕದ ತುಂಡಿನಿಂದ ಆರಂಭಿಸಿ, ಬಿಗಿ ನೋಡಿ ಕತ್ತರಿಸಿಕೊಳ್ಳಬೇಕು. ತುಸು ತಡೆಯೊತ್ತಡ ಇರಬೇಕು, ದೇಹದ ಭಾರ ಹಾಕಿ ತಳ್ಳುವಷ್ಟಲ್ಲ. ಹಗ್ಗದಿಂದ ಎಳೆಯುವ ಹಳೆಯ ಪಟ್ಟಾಳದ ಕ್ರಮಕ್ಕೆ ನಾಲ್ಕು ಇಂಚು ಉದ್ದ, ಎರಡು ಇಂಚು ಅಗಲದ ಪಟ್ಟಿ. ಹಗ್ಗದ ಕ್ರಮ ತೋಟದ ಮನೆಯಲ್ಲಿ ಆಪತ್ತಿಗೆ ಸರಿ. ಆದರೆ ಹಗ್ಗವನ್ನು ಓರೆಯಾಗಿ ಎಳೆಯುವ ಅಭ್ಯಾಸವಾದರೆ ನಳಿಗೆಯ ಬಾಯಿಯ ಒಂದು ಬದಿ ಸವೆದು ಗುರಿಯೇ ಕೆಡುತ್ತದೆ. ಪಟ್ಟಾಳದ ಹಳೆಯ .303 ರೈಫಲ್ಲುಗಳಲ್ಲಿ ಈ ಸವೆತ ಕಣ್ಣಿಗೆ ಕಾಣುವಷ್ಟಿರುತ್ತದೆ.

ಗ್ರೀಸು ತೆಗೆಯುವ ಮುಂಚೆ ಕೋವಿ ಖಾಲಿ ಇದೆಯೆಂದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಖಚಿತ ಮಾಡಿಕೊಳ್ಳಬೇಕು. ತೋಟೆಗಳು ಮನೆಯ ಬೇರೆ ಕೋಣೆಯಲ್ಲಿರಲಿ. ಮ್ಯಾಗಜಿನ್ ತೆಗೆದು, ಬೋಲ್ಟನ್ನು ಪೂರ್ತಿ ಹಿಂದಕ್ಕೆ ಎಳೆದು, ಬೋಲ್ಟಿನ ತಲೆಯನ್ನು ಮೇಲಕ್ಕೆ ಎತ್ತಿ ತಿರುಗಿಸಿದರೆ ಇಡೀ ಬೋಲ್ಟ್ ಹಿಂದಿನಿಂದ ಕಳಚಿ ಬರುತ್ತದೆ. ಮತ್ತೆ ಸೇರಿಸುವಾಗ ತಲೆಯ ತಿರುಪು ಪೂರ್ತಿ ಕೂತಿರಬೇಕು. ಮನೆಯಲ್ಲಿ ಅಥವಾ ರೇಂಜಿನಲ್ಲಿ ಇನ್ನೊಂದು .315 ಇದ್ದರೆ ಬೋಲ್ಟ್ ಅದಲುಬದಲಾಗದಂತೆ ನಂಬರ್ ನೋಡಿಕೊಳ್ಳಿ. ಬೋಲ್ಟಿಗೂ ಕೋಣೆಗೂ ನಡುವಿನ ಅಳತೆ ಪ್ರತಿ ಕೋವಿಗೂ ಬೇರೆ.

ಮಿನರಲ್ ಟರ್ಪೆಂಟೈನ್ ಅಥವಾ ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯನ್ನು ಹಿಂಭಾಗದಿಂದ ಬಾಯಿಯ ಕಡೆಗೆ ತಳ್ಳಬೇಕು. ಯಾವಾಗಲೂ ಈ ದಿಕ್ಕಿನಲ್ಲೇ. ಗುಂಡು ಕೊನೆಯದಾಗಿ ಮುಟ್ಟುವ ಜಾಗ ನಳಿಗೆಯ ಬಾಯಿ, ಅಲ್ಲಿಯ ಅಂಚು ಚೂರು ಮುಕ್ಕಾದರೂ ಅನಿಲ ಒಂದು ಬದಿಗೆ ನುಗ್ಗಿ ಗುಂಡನ್ನು ಓರೆಯಾಗಿಸುತ್ತದೆ. ಪೆಟ್ರೋಲು ಬೇಡ, ಅದರ ಆವಿಗೆ ಬೆಂಕಿ ಹತ್ತುವ ಅಪಾಯ ಇದೆ. ಎರಡು ಮೂರು ಒದ್ದೆ ಬಟ್ಟೆ, ಆಮೇಲೆ ಬ್ರಷ್, ಮತ್ತೆ ಒದ್ದೆ ಬಟ್ಟೆ. ಬಟ್ಟೆಯ ಕಂದು ಬಣ್ಣ ಹೋಗಿ ಬಿಳಿಯಾಗಿ ಬಂದಾಗ ಒಣಬಟ್ಟೆ. ಕೋಣೆಯನ್ನು ಬೇರೆಯಾಗಿ, ದಪ್ಪ ಬಟ್ಟೆ ಸುತ್ತಿದ ಗಿಡ್ಡ ಕೋಲಿನಿಂದ ಒರೆಸಬೇಕು. ನಳಿಗೆಯ ಬಟ್ಟೆ ಕೋಣೆಯ ಅಗಲಕ್ಕೆ ಸಾಲುವುದಿಲ್ಲ, ಎಲ್ಲರೂ ಬಿಟ್ಟುಬಿಡುವ ಜಾಗ ಅದು. ಈ ಕೆಲಸದ ಉದ್ದಕ್ಕೂ ಕೋವಿಯ ಬಾಯಿ ತುಸು ಕೆಳಗಿರಬೇಕು. ಇಲ್ಲದಿದ್ದರೆ ದ್ರವ ಹಿಂದಕ್ಕೆ ಹರಿದು ಕೋವಿಯ ಕುದುರೆಯ (ಟ್ರಿಗರಿನ) ಒಳಗೂ ಮರದ ಒಳಗೂ ಇಳಿಯುತ್ತದೆ. ಎಣ್ಣೆ ಕುಡಿದ ಮರ ಮೆತ್ತಗಾಗಿ ಲೋಹ ಅಲುಗಾಡತೊಡಗುತ್ತದೆ.

ಪಳಗಿಸುವುದು ಅಂದರೆ ಏನು ಎಂಬಲ್ಲಿ ತಪ್ಪು ತಿಳಿವಳಿಕೆ ಜಾಸ್ತಿ. ಇಡೀ ನಳಿಗೆ ಗುಂಡಿನಿಂದ ನುಣುಪಾಗುತ್ತದೆ ಎಂದು ಹಲವರು ಹೇಳುತ್ತಾರೆ. ಹಾಗಲ್ಲ. ಕೋಣೆಯ ಮುಂದೆ, ಗೆರೆಗಳು ಶುರುವಾಗುವ ಗಂಟಲನ್ನು ಕೊರೆಯುವ ಉಪಕರಣ ಗುಂಡಿನ ದಾರಿಗೆ ಅಡ್ಡವಾಗಿ ಸಣ್ಣ ಗೀರುಗಳನ್ನು ಬಿಡುತ್ತದೆ. ಆ ಗೀರುಗಳು ಕವಚದಿಂದ ತಾಮ್ರವನ್ನು ಹೆರೆಯುತ್ತವೆ. ಹೆರೆದ ತಾಮ್ರ ಅಲ್ಲಿಯ ಬಿಸಿಗೆ ಆವಿಯಾಗಿ, ಗುಂಡಿನ ಹಿಂದೆ ಸಾಗಿ, ಮುಂದಿನ ತಣ್ಣನೆಯ ಲೋಹದ ಮೇಲೆ ಕೂರುತ್ತದೆ. ಮುಂದಿನ ಗುಂಡು ಅದರ ಮೇಲೆ ಮಸಿಯನ್ನು ಒತ್ತುತ್ತದೆ, ಅದರ ಮುಂದಿನದು ಮತ್ತೆ ತಾಮ್ರವನ್ನು. ಹೊಸ ಕಾವಲಿಯನ್ನು ಪಳಗಿಸುವಾಗ ಪದರ ಕಟ್ಟಬೇಕು. ಇಲ್ಲಿ ಕಟ್ಟಿದ ಪದರವನ್ನು ಪ್ರತಿಸಲ ಕೀಳಬೇಕು, ಆಗ ಮಾತ್ರ ಮುಂದಿನ ಗುಂಡು ಬರಿಯ ಉಕ್ಕನ್ನು ಮುಟ್ಟಿ ಗೀರನ್ನು ಸವೆಸುತ್ತದೆ.

ಇದು ಎಷ್ಟರಮಟ್ಟಿಗೆ ಬೇಕು ಎಂಬುದರಲ್ಲಿ ನಳಿಗೆ ತಯಾರಿಸುವವರಲ್ಲೇ ಒಮ್ಮತವಿಲ್ಲ. ಕೈಯಿಂದ ಉಜ್ಜಿ ನುಣುಪು ಮಾಡಿದ ಬೆಲೆಬಾಳುವ ನಳಿಗೆಗೆ ನಾಲ್ಕೈದು ಗುಂಡು ಸಾಕಾಗುತ್ತದೆ. ಒಳಗೆ ಕ್ರೋಮ್ ಲೇಪಿಸಿದ್ದಕ್ಕೆ ಈ ಕೆಲಸವೇ ಬೇಡ. ಕಾರ್ಖಾನೆಯ ಸಾಮಾನ್ಯ ನಳಿಗೆಯಲ್ಲಿ ಗೀರುಗಳು ಎಲ್ಲೆಡೆ ಇರುತ್ತವೆ. ಅದನ್ನು ಪೂರ್ತಿ ಸವೆಸುತ್ತೇನೆಂದು 100 ತೋಟೆ ಸುಡುವುದು ವ್ಯರ್ಥ. ಲೈಸೆನ್ಸಿನಲ್ಲಿ ಬರೆದಷ್ಟೇ ತೋಟೆ ಸಿಗುವ, ಕೊಂಡದ್ದೆಲ್ಲ ದಾಖಲಾಗುವ ನಮಗೆ ಅದು ಸಾಧ್ಯವೂ ಅಲ್ಲ. ಒಂದೊಂದೇ ಗುಂಡಿನ 5 ಸರದಿ, ಮೂರು ಗುಂಡಿನ 3 ಸರದಿ, ಕೊನೆಗೆ ಐದು ಗುಂಡಿನ ಒಂದು ಗುಂಪು. ಒಟ್ಟು 19. ಪ್ರತಿ ಸರದಿಯ ನಂತರ ಪೂರ್ತಿ ಶುಚಿ. ತೋಟೆ ವ್ಯರ್ಥವಾಗದಂತೆ ಈ 19ನ್ನೇ ಗುರಿಕಣ್ಣು ಸರಿಪಡಿಸಲೂ ಬಳಸಬೇಕು. ಮೊದಲ ಐದು 25 ಮೀಟರಿನಲ್ಲಿ, ಉಳಿದವು 50 ಮೀಟರಿನಲ್ಲಿ. ನಮ್ಮ ಅಡಿಕೆ ತೋಟಗಳಲ್ಲಿ ಹಂದಿಗೆ ಗುಂಡು ಬೀಳುವುದು ಹೆಚ್ಚಾಗಿ ಇಷ್ಟೇ ದೂರದಲ್ಲಿ.

ಇದಕ್ಕೆಲ್ಲ ಜಾಗ ಅನುಮತಿ ಪಡೆದ ಶೂಟಿಂಗ್ ರೇಂಜ್ ಮಾತ್ರ. ಲೈಸೆನ್ಸ್ ಕಿಸೆಯಲ್ಲಿದೆಯೆಂದು ತೋಟದ ಮೂಲೆಯಲ್ಲಿ ಗುರಿ ಅಭ್ಯಾಸ ಮಾಡುವಂತಿಲ್ಲ. ಕಾನೂನಿನ ಮಾತು ಹಾಗಿರಲಿ, ಮುರಕಲ್ಲಿನ ಗುಡ್ಡ ಗುಂಡನ್ನು ನುಂಗುವುದಿಲ್ಲ, ಹಾರಿಸಿ ಬಿಡುತ್ತದೆ. ಕಿಲೋಮೀಟರುಗಟ್ಟಲೆ ಹೋಗುವ ರೈಫಲ್ ಗುಂಡಿಗೆ ಕಲ್ಲಿಲ್ಲದ ಮಣ್ಣಿನ ದಿಬ್ಬವೇ ಬೇಕು.

ರೇಂಜಿನಲ್ಲಿ ಒಂದು ಸರದಿ ಹೀಗೆ ಸಾಗುತ್ತದೆ. ಹಾರಿಸುವ ಮುಂಚೆ ನಳಿಗೆಗೂ ಕೋಣೆಗೂ ಒಣಬಟ್ಟೆ. ಗುಂಡು ಹಾರಿದ ಮೇಲೆ ಬೋಲ್ಟ್ ತೆಗೆದು ಕೋವಿಯನ್ನು ನೆರಳಿನಲ್ಲಿ ಇಡಬೇಕು. ಮಾರ್ಚ್, ಏಪ್ರಿಲಿನ ಬಿಸಿಲಿನಲ್ಲಿ ಬೆಂಚಿನ ಮೇಲೆ ಬಿಟ್ಟರೆ ನಳಿಗೆ ತಣಿಯುವುದೇ ಇಲ್ಲ. ಕೋಣೆಯ ಮುಂದಿನ ಭಾಗವನ್ನು ಕೈಯಲ್ಲಿ ಹಿಡಿದು ಆರಾಮವಾಗಿ ನಿಲ್ಲಲಾಗುವಷ್ಟು ತಣಿದ ಮೇಲೆ ಕೆಲಸ ಶುರು. ಬಿಸಿ ನಳಿಗೆಯಲ್ಲಿ ದ್ರಾವಣ ಒಣಗಿಬಿಡುತ್ತದೆ, ತಾಮ್ರ ಕರಗುವುದಿಲ್ಲ.

ಮೊದಲು ಮಸಿ, ಆಮೇಲೆ ತಾಮ್ರ. ಈ ಕ್ರಮ ತಪ್ಪಬಾರದು. ಮಸಿ ಮುಚ್ಚಿದ ತಾಮ್ರಕ್ಕೆ ದ್ರಾವಣ ತಾಗುವುದೇ ಇಲ್ಲ. ಹಾಪ್ಪೀಸ್ 9ರಂಥ ಸಾಧಾರಣ ದ್ರಾವಣದಲ್ಲಿ ನೆನೆಸಿದ ಎರಡು ಬಟ್ಟೆ, ಹತ್ತು ಸಲ ಬ್ರಷ್, ಮತ್ತೆರಡು ಒದ್ದೆ, ಎರಡು ಒಣ. ಬ್ರಷ್ ಬಾಯಿಯಿಂದ ಪೂರ್ತಿ ಹೊರಬಂದ ಮೇಲೆಯೇ ಹಿಂದಕ್ಕೆ ಎಳೆಯಬೇಕು. ನಡುದಾರಿಯಲ್ಲಿ ತಿರುಗಿಸಲು ಹೋದರೆ ಎಳೆಗಳು ಮಡಚಿ ಸಿಕ್ಕಿಕೊಳ್ಳುತ್ತವೆ. ಮೊದಲ ಕಪ್ಪು ಬಟ್ಟೆಗಳನ್ನು ಬಾಯಿಯಲ್ಲೇ ಕಳಚಿ ಎಸೆಯಬೇಕು. ಅದೇ ಬಟ್ಟೆಯನ್ನು ಹಿಂದಕ್ಕೆ ಎಳೆದರೆ ಮಸಿಯನ್ನು ಕೋಣೆಗೆ ಸಾಗಿಸಿದಂತಾಗುತ್ತದೆ.

ಈಗ ಅಮೋನಿಯಾ ಇರುವ ತಾಮ್ರದ ದ್ರಾವಣ. ಧಾರಾಳವಾಗಿ ನೆನೆಸಿದ ಒಂದು ಬಟ್ಟೆಯನ್ನು ನಿಧಾನವಾಗಿ ತಳ್ಳಿ, 5ರಿಂದ 10 ನಿಮಿಷ ಬಿಟ್ಟು, ಒಣಬಟ್ಟೆ ತಳ್ಳಿದರೆ ಅದು ನೀಲಿಯಾಗಿ ಬರುತ್ತದೆ. ಅದೇ ಕರಗಿದ ತಾಮ್ರ. ನೀಲಿ ಹೋಗುವವರೆಗೆ ಮತ್ತೆ ಮತ್ತೆ. ಮೊದಲ ಗುಂಡಿನ ನಂತರ ಇದಕ್ಕೆ ಒಂದು ಗಂಟೆಯೇ ಹಿಡಿಯಬಹುದು, ಬೇಸರ ಮಾಡಬಾರದು. ಇಲ್ಲಿ ಬಹಳ ಮಂದಿ ಮೋಸಹೋಗುವುದು ಹಿತ್ತಾಳೆಯ ತುದಿಯಿಂದ. ಸಲಾಕೆಯ ತುದಿ ಹಿತ್ತಾಳೆಯದಾದರೆ ದ್ರಾವಣ ಅದನ್ನೇ ಕರಗಿಸಿ ಬಟ್ಟೆ ಎಂದೆಂದಿಗೂ ನೀಲಿಯಾಗಿಯೇ ಬರುತ್ತದೆ. ತಾಮ್ರ ಮುಗಿದ ನಳಿಗೆಯನ್ನೇ ದಿನವಿಡೀ ಉಜ್ಜುತ್ತ ಕೂರಬೇಕಾಗುತ್ತದೆ. ಈ ಹಂತಕ್ಕೆ ಪ್ಲಾಸ್ಟಿಕ್ ಅಥವಾ ನಿಕ್ಕೆಲ್ ಲೇಪದ ತುದಿ ಇರಬೇಕು. ಕಂಚಿನ ಬ್ರಷ್ಷನ್ನೂ ಈ ದ್ರಾವಣದಲ್ಲಿ ಬಳಸಬಾರದು, ನೈಲಾನಿನದು ಸಾಕು. ಸಂಶಯವಿದ್ದರೆ ನಳಿಗೆಯ ಬಾಯಿಗೆ ಓರೆಯಾಗಿ ಟಾರ್ಚ್ ಹಿಡಿದು ನೋಡಿ. ತಾಮ್ರ ಉಳಿದಿದ್ದರೆ ಗೆರೆಗಳ ನಡುವಿನ ಏರಿನ ಮೇಲೆ ಕೆಂಪು ಪಟ್ಟೆಯಾಗಿ ಕಾಣುತ್ತದೆ.

ಬಾಟಲಿಯ ಮೇಲೆ ಬರೆದ ಸಮಯಕ್ಕಿಂತ ಹೆಚ್ಚು ಹೊತ್ತು ದ್ರಾವಣವನ್ನು ಒಳಗೆ ಬಿಡಬಾರದು, ರಾತ್ರಿಯಿಡೀ ಬಿಡುವುದಂತೂ ಕೂಡದು. ಉಕ್ಕಿನಲ್ಲಿ ಸಣ್ಣ ಗುಳಿ ಬೀಳುತ್ತದೆ. ಮುಗಿದ ಕೂಡಲೆ ಸ್ಪಿರಿಟ್ ಬಟ್ಟೆ, ಒಣಬಟ್ಟೆ, ಎಣ್ಣೆ. ಅಮೋನಿಯಾದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಆ ಬಾಟಲಿಯನ್ನು ತೋಟೆಗಳಿರುವ ಕಪಾಟಿನಲ್ಲಿ ಇಡಬೇಡಿ, ತೋಟೆಗಳನ್ನು ದನದ ಹಟ್ಟಿಯ ಹತ್ತಿರದ ಕೋಣೆಯಲ್ಲಿ ಇಡಬೇಡಿ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದ ಸೇನೆಯವರು ಮಳೆಗಾಲದಲ್ಲಿ ತೋಟೆಗಳನ್ನು ಕುದುರೆಲಾಯದಲ್ಲಿ ಇಡುತ್ತಿದ್ದರು, ಹಿತ್ತಾಳೆಯ ಕೋಶಗಳು ತಾವಾಗಿ ಬಿರಿಯುತ್ತಿದ್ದವು. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾವೇ ಕಾರಣವೆಂದು 1921ರಲ್ಲಿ ವಿವರಣೆ ಸಿಕ್ಕಿತು. ಗಂಜಲದ ಹಟ್ಟಿಯ ಆವಿಯೂ ಅದೇ.

ಒಂದೊಂದು ಗುಂಡಿನ ಸರದಿ ಮುಗಿಯುತ್ತ ಬಂದಂತೆ ನೀಲಿ ಬಟ್ಟೆಗಳ ಸಂಖ್ಯೆ ಇಳಿಯಬೇಕು. ಲೆಕ್ಕಕ್ಕಿಂತ ಇದನ್ನೇ ನಂಬುತ್ತೇನೆ. ಮೂರು ಗುಂಡಿನ ನಂತರ ಬರುವ ನೀಲಿ ಮೊದಲ ಒಂದು ಗುಂಡಿನ ನೀಲಿಗಿಂತ ಕಡಿಮೆಯಾದರೆ ಗಂಟಲು ಹದಕ್ಕೆ ಬಂದಿದೆ, ಉಳಿದ ಸರದಿ ಬಿಟ್ಟರೂ ನಷ್ಟವಿಲ್ಲ. ಇಳಿಯದಿದ್ದರೆ ಮೂರು ಗುಂಡಿನದು ಇನ್ನೊಂದು ಸರದಿ ಮಾಡಿ ನಿಲ್ಲಿಸಿ. ಕಾರ್ಖಾನೆಯ ಒರಟು ನಳಿಗೆ ಯಾವತ್ತೂ ಸ್ವಲ್ಪ ತಾಮ್ರ ಹಿಡಿಯುತ್ತಲೇ ಇರುತ್ತದೆ, ಆದರೂ ಗುರಿ ಚೆನ್ನಾಗಿಯೇ ಇರಬಹುದು. ಉಜ್ಜುವ ಪೇಸ್ಟ್ ಹಾಕಿ ನುಣುಪು ಮಾಡುವ ಆಸೆಗೆ ಬೀಳಬಾರದು. ಅದು ಗಂಟಲನ್ನೂ ಬಾಯಿಯನ್ನೂ ಅಗಲ ಮಾಡುತ್ತದೆ, ಕಳೆದುಹೋದ ಲೋಹ ಮತ್ತೆ ಬರುವುದಿಲ್ಲ.

ಬಟ್ಟೆ ನಡುವೆ ಸಿಕ್ಕಿಕೊಂಡರೆ ಸುತ್ತಿಗೆ ಹಿಡಿಯಬೇಡಿ. ಬಾಯಿಯಿಂದ ನಾಲ್ಕು ಹನಿ ಎಣ್ಣೆ ಬಿಟ್ಟು, ಅರ್ಧ ಗಂಟೆ ನೆನೆಸಿ, ಬಂದ ದಾರಿಯಲ್ಲೇ ಹಿಂದಕ್ಕೆ ಎಳೆಯಬೇಕು. ಹಗ್ಗ ತುಂಡಾಗಿ ಒಳಗೆ ಉಳಿದರೆ ಕೋವಿ ರಿಪೇರಿಯವರ ಕೈಗೆ ಕೊಡಿ. ಗುಂಡು ಹಾರಿಸಿ ಹೊರಗೆ ಹಾಕುವ ಯೋಚನೆ ಯಾರಿಗೂ ಬರದಿರಲಿ, ನಳಿಗೆ ಒಡೆದು ಕೈಯೋ ಕಣ್ಣೋ ಹೋಗುತ್ತದೆ.

ಇಷ್ಟೆಲ್ಲ ತಾಮ್ರದ ಮಾತಾಯಿತು. ಆದರೆ ಕಾಸರಗೋಡಿನಲ್ಲಿ ನಳಿಗೆಯನ್ನು ತಿನ್ನುವುದು ತಾಮ್ರವಲ್ಲ, ಉಪ್ಪು. ಹಳೆಯ ಬಗೆಯ ತೋಟೆಗಳ ಕೇಪಿನಲ್ಲಿ, ಅಂದರೆ ಮದ್ದಿಗೆ ಕಿಡಿ ಕೊಡುವ ಬುಡದ ಪುಟ್ಟ ಬಟ್ಟಲಿನಲ್ಲಿ, ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಅದು ಸುಟ್ಟು ಪೊಟ್ಯಾಸಿಯಂ ಕ್ಲೋರೈಡ್ ಆಗಿ ನಳಿಗೆಯಲ್ಲಿ ಉಳಿಯುತ್ತದೆ, ಅಡುಗೆ ಉಪ್ಪಿನ ಸಂಬಂಧಿ. ಗಾಳಿಯ ತೇವ ಶೇಕಡ 84 ದಾಟಿದರೆ ಅದು ನೀರು ಹೀರಿ ಕರಗುತ್ತದೆ. ಕಡಲ ಗಾಳಿಯ ಉಪ್ಪಿಗೆ ಶೇಕಡ 75 ಸಾಕು. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬೀಳುವ ನಮ್ಮಲ್ಲಿ ಆಟಿ ತಿಂಗಳಿನಲ್ಲಿ (ಜುಲೈ-ಆಗಸ್ಟ್) ಆ ಮಟ್ಟ ದಾಟದ ದಿನ ಸಿಗುವುದು ಕಷ್ಟ. ಎಣ್ಣೆಯಾಗಲಿ ಟರ್ಪೆಂಟೈನ್ ಆಗಲಿ ಈ ಉಪ್ಪನ್ನು ಕರಗಿಸುವುದಿಲ್ಲ. ಎಣ್ಣೆಯ ಪದರದ ಅಡಿಯಲ್ಲೇ ತುಕ್ಕು ಬೆಳೆಯುತ್ತದೆ. ಉಪ್ಪನ್ನು ಕರಗಿಸುವುದು ನೀರು ಮಾತ್ರ. ತೋಟೆಯ ಕೇಪು ಯಾವ ಬಗೆಯದೆಂದು ಖಚಿತವಿಲ್ಲದಿದ್ದರೆ ಉಪ್ಪು ಬಿಡುವ ಬಗೆಯೆಂದೇ ತಿಳಿದು ನಡೆಯಬೇಕು.

ಆದ್ದರಿಂದ ರೇಂಜಿನಲ್ಲಿ ಪ್ರತಿ ಸರದಿಯ ಮೊದಲ ಬಟ್ಟೆ ನೀರಿನದು. ಮನೆಗೆ ಬಂದ ಸಂಜೆಯೇ ಕುದಿಯುವ ನೀರು, ಸುಮಾರು ಒಂದು ಲೀಟರ್. ಉದ್ದ ಕೊಳವೆ ಸಿಕ್ಕಿಸಿದ ಆಲಿಕೆಯನ್ನು ಕೋಣೆಗೆ ಇಟ್ಟು, ಬಾಯಿ ಕೆಳಗೆ ಮಾಡಿ, ಬಕೆಟಿನೊಳಗೆ ಇಳಿಯುವಂತೆ ಹೊಯ್ಯಬೇಕು. ನಳಿಗೆ ಕೈ ಸುಡುವಷ್ಟು ಬಿಸಿಯಾಗುತ್ತದೆ, ದಪ್ಪ ಬಟ್ಟೆಯಲ್ಲಿ ಹಿಡಿಯಿರಿ. ಆ ಬಿಸಿಗೇ ಒಳಗಿನ ನೀರು ಆರುತ್ತದೆ, ಉಳಿದದ್ದನ್ನು ಮೂರು ನಾಲ್ಕು ಒಣಬಟ್ಟೆ ಹೀರುತ್ತವೆ. ಲೋಹಕ್ಕೂ ಮರಕ್ಕೂ ನಡುವೆ ನೀರು ಇಳಿಯದಂತೆ ನೋಡಿಕೊಳ್ಳಬೇಕು. ಬೋಲ್ಟಿನ ತಲೆಗೂ ಅದೇ ನೀರಿನ ಬಟ್ಟೆ, ಕೇಪಿನ ಹೊಗೆ ಅಲ್ಲಿಗೂ ತಾಗಿರುತ್ತದೆ. ತಣ್ಣೀರಾದರೂ ಉಪ್ಪು ಕರಗುತ್ತದೆ, ಆರಿಸುವ ಕೆಲಸ ಮಾತ್ರ ಹೆಚ್ಚು.

ಎಣ್ಣೆಯೆಂದು ತೆಂಗಿನೆಣ್ಣೆ ಹಚ್ಚುವವರು ನಮ್ಮಲ್ಲಿದ್ದಾರೆ. ಮನೆಯಲ್ಲೇ ಇರುವ ವಸ್ತು, ಕೈ ಅದರತ್ತಲೇ ಹೋಗುತ್ತದೆ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಕಮಟಿದಾಗ ಹುಟ್ಟುವ ಆಮ್ಲ ಹಿತ್ತಾಳೆಯನ್ನು ಹಸಿರು ಮಾಡುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಎಷ್ಟೋ ಮೇಲು. ಡಬ್ಬಿಯಿಂದ ಸಿಂಪಡಿಸುವ ಡಬ್ಲ್ಯೂಡಿ-40 ನೀರನ್ನು ಹೊರದೂಡಲು ಒಳ್ಳೆಯದು, ತಿಂಗಳುಗಟ್ಟಲೆ ಕಾಯಲು ಅಲ್ಲ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಒಂದು ಬಿಳಿ ಬಟ್ಟೆ ತಳ್ಳಿ ನೋಡಬೇಕು. ಕಂದು ಬಂದರೆ ತುಕ್ಕು ಶುರುವಾಗಿದೆ. ಚರ್ಮದ ಚೀಲದಲ್ಲಿ ಕೋವಿ ಇಡಬಾರದು, ಅದು ತೇವ ಹಿಡಿದುಕೊಳ್ಳುತ್ತದೆ. ಬೀಗವಿರುವ ಉಕ್ಕಿನ ಕಪಾಟಿನ ತಳದಲ್ಲಿ ಹಳೆಯ ಬಗೆಯ 15 ವ್ಯಾಟಿನ ಬಲ್ಬ್ ಉರಿಸಿದರೆ ಒಳಗಿನ ಗಾಳಿ ಬೆಚ್ಚಗಿದ್ದು ತೇವ ಕೂರುವುದಿಲ್ಲ. ಎಲ್ಇಡಿ ಬಲ್ಬಿಗೆ ಅಷ್ಟು ಬಿಸಿ ಇಲ್ಲ.

ನಳಿಗೆಯ ಬಾಯಿಗೆ ಬಟ್ಟೆ ತುರುಕುವ ಹಳೆಯ ಪದ್ಧತಿಯನ್ನು ಕೈಬಿಡಿ. ತೇವ ಒಳಗೇ ನಿಲ್ಲುತ್ತದೆ, ಅವಸರದ ರಾತ್ರಿ ಅದನ್ನು ತೆಗೆಯಲು ಮರೆತರೆ ನಳಿಗೆ ಒಡೆಯುತ್ತದೆ. ಬಾಯಿ ತೆರೆದಿಟ್ಟರೂ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಬಹುದು. ಆದ್ದರಿಂದ ಕೋವಿ ಹೊರಗೆ ಒಯ್ಯುವ ಪ್ರತಿಸಲ ಬೋಲ್ಟ್ ತೆಗೆದು ಆಕಾಶದ ಕಡೆ ಹಿಡಿದು ನಳಿಗೆಯೊಳಗೆ ಬೆಳಕು ನೋಡಲೇಬೇಕು.

ಚುನಾವಣೆ ಬಂದಾಗ ಕೋವಿಯನ್ನು ಠೇವಣಿ ಇಡಲು ಆದೇಶ ಬಂದವರಿಗೆ ಇದೆಲ್ಲ ಇನ್ನೂ ಮುಖ್ಯ. 2024ರಲ್ಲಿ ನೀತಿಸಂಹಿತೆ ಮಾರ್ಚ್ 16ಕ್ಕೆ ಶುರುವಾಗಿ, ಕೇರಳದ ಮತದಾನ ಏಪ್ರಿಲ್ 26ಕ್ಕೆ ಮುಗಿದರೂ ಎಣಿಕೆ ಜೂನ್ 4ಕ್ಕೆ ಆಯಿತು. ಬೇಸಿಗೆಯ ಸೆಕೆ ಪೂರ್ತಿ, ಮೇಲೆ ಮಳೆಯ ಮೊದಲ ವಾರ, ಯಾರ ಕೈಯೂ ತಾಗದೆ ಕೋವಿ ಕೂರುವ ಅವಧಿ ಅದು. ಒಪ್ಪಿಸುವ ಮುನ್ನ ಬಿಸಿನೀರಿನಿಂದ ಹಿಡಿದು ಪೂರ್ತಿ ಶುಚಿ ಮಾಡಿ, ನಳಿಗೆಗೂ ಕೋಣೆಗೂ ತೆಳುವಾಗಿ ಗ್ರೀಸು ಸವರಿ, ಕುದುರೆಯ ಬಳೆಗೆ ‘ಗ್ರೀಸು ಇದೆ, ಒರೆಸದೆ ಹಾರಿಸಬಾರದು’ ಎಂದು ಚೀಟಿ ಕಟ್ಟಿ. ಮರಳಿ ಬಂದಾಗ ಹೊಸ ಕೋವಿಗೆ ಮಾಡಿದಂತೆಯೇ ಟರ್ಪೆಂಟೈನಿನಿಂದ ಆರಂಭ.

ಕೊನೆಯ ಐದು ಗುಂಡಿನ ಗುಂಪಿನಿಂದ ಒಂದು ವಿಷಯ ಬರೆದಿಟ್ಟುಕೊಳ್ಳಬೇಕು. ಶುಚಿಯಾದ ಒಣ ನಳಿಗೆಯಿಂದ ಹೋಗುವ ಮೊದಲ ಗುಂಡು ಉಳಿದ ನಾಲ್ಕರಿಂದ ಎಷ್ಟು ಸರಿದು ಬೀಳುತ್ತದೆ, ಯಾವ ಬದಿಗೆ. ಸ್ಪರ್ಧೆಯಲ್ಲಿ ಶೂಟ್ ಮಾಡುವವರು ಒಂದೆರಡು ಗುಂಡು ಹಾರಿಸಿ ಮಸಿ ಹಿಡಿಸಿದ ನಳಿಗೆಯನ್ನೇ ಇಷ್ಟಪಡುತ್ತಾರೆ, ಅದರ ಗುರಿ ಸ್ಥಿರ. ನಮ್ಮ ಹವೆಯಲ್ಲಿ ಮಸಿ ಹಿಡಿಸಿದ ನಳಿಗೆಯನ್ನು ಕಪಾಟಿನಲ್ಲಿ ಇಡುವಂತಿಲ್ಲ. ನಮಗೆ ಬೇಕಾದದ್ದು ಶುಚಿ ನಳಿಗೆಯ ಮೊದಲ ಗುಂಡು, ಹಂದಿಯ ಮುಂದೆ ಸಿಗುವುದೂ ಹೆಚ್ಚಾಗಿ ಅದೊಂದೇ. ಗುರಿಕಣ್ಣನ್ನು ಆ ಗುಂಡಿಗೇ ಹೊಂದಿಸಿ.